ಮಠದ ಪಾಲಿನ ಕಪ್ಪೆ

"ಇನ್ನು ಮೇಲೆ ನಾನು ಮಲಗಿರುವಾಗ ಒಂದೇ ಒಂದು ಕಪ್ಪೆ ವಟಗುಟ್ಟಿದರೂ ಊರಿನ ಎತ್ತುಗಳೆಲ್ಲ ನನ್ನವು!" ಎಂದು ಒಡೋ ಪ್ರಭು ಗುಡುಗಿದ.

ಬಹಳ ಹಿಂದೆ, ಫ್ರಾನ್ಸಿನ ಒಂದು ಮೂಲೆಯಲ್ಲಿ ಅವನ ಕೋಟೆ. ಕೋಟೆಯ ಸುತ್ತ ಕಂದಕ, ಕಂದಕದ ತುಂಬ ಕಪ್ಪೆ. ಪ್ರಭು ಮಲಗಿದಾಗ ಒಕ್ಕಲುಮಕ್ಕಳು ಕೋಲಿನಿಂದ ನೀರು ಬಡಿದು ಅವುಗಳ ಬಾಯಿ ಮುಚ್ಚಿಸಬೇಕು. ಅದು ತಲತಲಾಂತರದ ಬಿಟ್ಟಿ ಚಾಕರಿ. ಬಡಿಯುವ ಸದ್ದಿಗೆ ಏಳದವನು ಕಪ್ಪೆಯ ಸದ್ದಿಗೆ ಹೇಗೆ ಏಳುತ್ತಿದ್ದನೋ, ಕೇಳುವ ಧೈರ್ಯ ಯಾರಿಗಿತ್ತು?

ಸುಗ್ಗಿ ಬೇರೆ ಬಂದಿತ್ತು. ರಾತ್ರಿಯೆಲ್ಲ ನೀರು ಬಡಿದವರು ಹಗಲು ಗೋಧಿ ಕೊಯ್ಯುವುದು ಹೇಗೆ? ಆಸ್ಥಾನದ ವಿದೂಷಕ ಗೋಬಿನ್‌ನ ಅಕ್ಕ ಮಾಬಿಲ್ ತೂಕಡಿಸಿ ಕುಡುಗೋಲಿನ ಮೇಲೇ ಬೀಳುವುದರಲ್ಲಿದ್ದಳು.

"ನನಗಿರೋದು ಒಂದೇ ಎತ್ತು ಕಣೋ. ಅದೂ ಹೋದರೆ ನೊಗಕ್ಕೆ ನಾನೇ ಕತ್ತು ಕೊಡಬೇಕು" ಎಂದು ಅತ್ತಳು. ಗೋಬಿನ್ ಉಪಾಯ ಹುಡುಕತೊಡಗಿದ.

ಭಾನುವಾರ ಮಠದ ಗುರು ಲ್ಯಾಂಬರ್ಟ್ ಕೋಟೆಗೆ ಊಟಕ್ಕೆ ಬಂದರು. ಊಟ ತಪ್ಪಿಸಿಕೊಂಡವರೇ ಅಲ್ಲ ಅವರು.

"ಗುರುಗಳೇ, ಈ ನೆಲದಲ್ಲಿ ಹುಟ್ಟಿದ್ದರಲ್ಲಿ ಹತ್ತಕ್ಕೊಂದು ಪಾಲು ಮಠದ್ದು ಅಲ್ಲವೇ?" ಎಂದ ಗೋಬಿನ್.

"ಹೌದಪ್ಪ. ಗೋಧಿ, ಮೊಟ್ಟೆ, ಕುರಿಮರಿ, ಎಲ್ಲದರ ದಶಾಂಶ ದೇವರದು. ಅದರ ಮೇಲೆ ಕೈ ಮಾಡಿದವನು ಪ್ರಾಯಶ್ಚಿತ್ತಕ್ಕೆ ಬರಿಗಾಲಲ್ಲಿ ರೋಮಿಗೆ ನಡೆಯಬೇಕು."

"ಕಪ್ಪೆ?"

ಗುರುಗಳ ಬಾಯಲ್ಲಿ ನೀರೂರಿತು. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಉಪವಾಸದಲ್ಲಿ ಮಠದೊಳಗೆ ಮಾಂಸ ನಿಷಿದ್ಧ. ಕಪ್ಪೆ ಮಾತ್ರ ನೀರಿನದಾದ್ದರಿಂದ ಮೀನಿನ ಲೆಕ್ಕ. ಅದಕ್ಕೆ ಚೂರು ಬೆಳ್ಳುಳ್ಳಿ ಬಿದ್ದರೆ ಸಾಕು!

"ಕಪ್ಪೆಯೂ ಸೇರಿತು, ಧಾರಾಳವಾಗಿ ಸೇರಿತು!"

ಗೋಬಿನ್ ಎದೆ ಬಡಿದುಕೊಂಡ. "ಅಯ್ಯೋ ಪ್ರಭು, ಕೆಟ್ಟಿರಿ! ನಿಮ್ಮ ಅಪ್ಪಣೆಯಂತೆ ಇಡೀ ಊರು ದೇವರ ಕಪ್ಪೆಗಳನ್ನು ಬಡಿಯುತ್ತಿದೆ!"

ಪ್ರಭುವಿನ ಕೈಯಿಂದ ಬಾತುಕೋಳಿಯ ಕಾಲು ಜಾರಿತು. ರೋಮ್ ದೂರ, ಪಾದ ಮೃದು. "ಹಾಗಾದರೆ ಮಠದವನ್ನು ಬಿಟ್ಟು ಮಿಕ್ಕವನ್ನು ಬಡಿಯಲಿ!"

"ಮಠದ್ದು ಯಾವುದು ಅಂತ ಗುರುಗಳೇ ಕಂದಕಕ್ಕಿಳಿದು ಎಣಿಸಿ ತೋರಿಸಬೇಕು. ನಡುವೆ ಒಂದು ಜಿಗಿದರೂ ಮತ್ತೆ ಮೊದಲಿಂದ" ಎಂದ ಗೋಬಿನ್.

ಗುರುಗಳು ಕಿಟಕಿಯಿಂದ ಪಾಚಿ ನೋಡಿದರು, ತಮ್ಮ ಹೊಟ್ಟೆ ನೋಡಿಕೊಂಡರು. ಪಾಲು ಬಿಡಲು ಮನಸ್ಸಿಲ್ಲ, ಇಳಿಯಲು ಧೈರ್ಯವಿಲ್ಲ.

"ಯಾವ ಕಪ್ಪೆಯನ್ನೂ ಯಾರೂ ಮುಟ್ಟಕೂಡದು" ಎಂದುಬಿಟ್ಟರು.

ಪ್ರಭು ಅಳುವುದೊಂದು ಬಾಕಿ. "ಮತ್ತೆ ನನ್ನ ನಿದ್ದೆ? ಆ ವಟವಟ ಕೇಳುತ್ತಾ ಯಾರಾದರೂ ಮಲಗುವುದುಂಟೇ?"

"ನೀವು ಮಲಗುತ್ತೀರಿ ಪ್ರಭು" ಎಂದ ಗೋಬಿನ್. "ಮಠದ ಕಪ್ಪೆ ಅಂದಮೇಲೆ ಅದರ ವಟವಟವೂ ಪ್ರವಚನವೇ. ಬೆಳಿಗ್ಗೆ ಗುರುಗಳ ಪ್ರವಚನಕ್ಕೆ ಗೊರಕೆ ಹೊಡೆದಿರಲ್ಲ, ಅದೇ ಭಕ್ತಿಯಿಂದ ಇದನ್ನೂ ಕೇಳಿ!"

ಗುರುಗಳ ಮುಖ ಕೆಂಪಾಯಿತು. ಪ್ರಭು ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕ, ಕೋಲುಗಳನ್ನೆಲ್ಲ ಅಡುಗೆಮನೆಯ ಒಲೆಗೆ ಹಾಕಿಸಿದ, ಮಾಬಿಲಳ ಎತ್ತಿಗೆ ಜೋಡಿಯಾಗಿ ಇನ್ನೊಂದು ಎತ್ತನ್ನೂ ಕೊಡಿಸಿದ.