ಮೋರಿಯ ಮೇಲಿನ ಹೊಂಗೆ ಕೊಂಬೆ

"ಗುರುಗಳೇ, ಅಪಾಯವಿದೆ ಎಂದು ಒಬ್ಬನಿಗೆ ಒಮ್ಮೆ ತಿಳಿಸಿದ ಮೇಲೆ ತಿಳಿಸಿದವನ ಹೊಣೆ ಮುಗಿಯಿತಲ್ಲವೇ?" ಎಂದು ಶಿಷ್ಯ ಬಸಲಿಂಗ ಕೇಳಿದ. "ನಮ್ಮ ಭಾವನ ಪಂಪಿನ ಮನೆಯಲ್ಲಿ ವೈರು ಕಿತ್ತು ಶಾಕ್ ಹೊಡೆಯುತ್ತಿದೆ. ಸರಿ ಮಾಡಿಸಿ ಎಂದು ಹೇಳಿದೆ. ಆಗಲಿ ಎಂದರು. ಇನ್ನು ಕೇಳುವುದು ಬಿಡುವುದು ಅವರಿಗೆ ಸೇರಿದ್ದು."

ಗುರು ಹಿಂದೆ ಇಪ್ಪತ್ತೆರಡು ವರ್ಷ ಬೇಳೆ, ಹಿಂಡಿಯ ವ್ಯಾಪಾರ ಮಾಡಿ, ಅಂಗಡಿಯನ್ನು ತಮ್ಮನಿಗೆ ಬಿಟ್ಟು ಮಠಕ್ಕೆ ಬಂದವರು. ಯಾವ ಪ್ರಶ್ನೆಗೂ ಹೌದು ಅಲ್ಲ ಎಂದು ತಟ್ಟನೆ ಹೇಳುವ ಅಭ್ಯಾಸ ಅವರಿಗಿರಲಿಲ್ಲ. ಕೂತುಕೋ ಎಂದು ಕತೆ ಹೇಳಿದರು.

ಎರಡು ತಾಲ್ಲೂಕುಗಳ ನಡುವೆ ಒಂದು ರಾಜ್ಯ ರಸ್ತೆ. ಹೆಸರಿಗೆ ಹೆದ್ದಾರಿ. ಎದುರಿನಿಂದ ಬಸ್ಸು ಬಂದರೆ ಯಾರಾದರೊಬ್ಬರು ಮಣ್ಣಿಗೆ ಇಳಿಯಬೇಕು. ಅದರಲ್ಲಿ ಹನ್ನೆರಡು ಕಿಲೋಮೀಟರನ್ನು ಒಬ್ಬ ಗ್ಯಾಂಗ್‌ಮನ್ ನೋಡಿಕೊಳ್ಳುತ್ತಿದ್ದ. ಗುಂಡಿ ಮುಚ್ಚುವುದು, ಬದಿಯ ಪೊದೆ ಸವರುವುದು, ಚರಂಡಿ ಬಿಡಿಸುವುದು ಅವನ ಕೆಲಸ.

ಆ ರಸ್ತೆಯಲ್ಲಿ ಒಂದು ಹಳೆಯ ಮೋರಿ. ಒಂದು ಬೆಳಿಗ್ಗೆ ಅವನು ಅದರೊಳಗೆ ಬಗ್ಗಿ ನೋಡಿದ. ಪೇಟೆಯಿಂದ ಬರುವವರ ಎಡಭಾಗದಲ್ಲಿ ಕಲ್ಲುಗಳು ಜಾರಿದ್ದವು. ಮೇಲೆ ಡಾಂಬರು ಚೆನ್ನಾಗಿಯೇ ಕಾಣುತ್ತಿತ್ತು. ಅವನಿಗೆ ಹೆದರಿಕೆ ಹುಟ್ಟಿದ್ದು ಅದಕ್ಕೇ. ಸೈಕಲ್ಲು ದಾಟುತ್ತದೆ, ಬಲಕ್ಕೆ ಸರಿದರೆ ಬಸ್ಸೂ ದಾಟುತ್ತದೆ. ಎಡಕ್ಕೆ ಬಂದ ಭಾರದ ಗಾಡಿ ಒಳಗಿಳಿಯುತ್ತದೆ.

ಕಚೇರಿಗೆ ತಿಳಿಸಿದ. ಬರೆದುಕೊಂಡರು. ಬೋರ್ಡು ಕೇಳಿದ. ಬರುತ್ತದೆ ಎಂದರು. ಕಲ್ಲಿಟ್ಟರೆ ಕತ್ತಲಲ್ಲಿ ಬೈಕಿನವರು ಬೀಳುತ್ತಾರೆ. ಕೊನೆಗೆ ಒಂದು ಹೊಂಗೆ ಕೊಂಬೆ ಕಡಿದು ಎಡಭಾಗಕ್ಕೆ ಅಡ್ಡ ಹಾಕಿದ.

ಅಲ್ಲಿ ಓಡಾಡುವ ಚಾಲಕರಿಗೆಲ್ಲ ಇದರ ಅರ್ಥ ಗೊತ್ತು. ಲಾರಿ ಕೆಟ್ಟು ನಿಂತರೂ ಹಿಂದೆ ಸೊಪ್ಪು ಹಾಕುತ್ತಾರೆ. ಲಾರಿ ಹೋದ ಮೇಲೆ ಆ ಸೊಪ್ಪನ್ನು ಯಾರೂ ಎತ್ತುವುದಿಲ್ಲ. ಹಾಗಾಗಿ ಹಸಿ ಸೊಪ್ಪು ಕಂಡರೆ ಬ್ರೇಕು ಒತ್ತುತ್ತಾರೆ. ಒಣಗಿದ್ದು ಕಂಡರೆ ಅದರ ಮೇಲೆಯೇ ಹಾಯಿಸುತ್ತಾರೆ.

ಗ್ಯಾಂಗ್‌ಮನ್ ದಿನಾ ಬೆಳಿಗ್ಗೆ ಹಳೆಯದನ್ನು ಎಸೆದು ಹೊಸ ಕೊಂಬೆ ಹಾಕುತ್ತಿದ್ದ. ಬೇವು ಮಧ್ಯಾಹ್ನಕ್ಕೇ ಬಾಡುತ್ತದೆ, ಹೊಂಗೆ ಒಂದು ದಿನ ತಡೆಯುತ್ತದೆ ಎಂದು ಹೊಂಗೆಯನ್ನೇ ಹುಡುಕಿಕೊಂಡು ಹೋಗುತ್ತಿದ್ದ. ಹತ್ತೊಂಬತ್ತು ದಿನ ಹೀಗೆ ನಡೆಯಿತು. ಯಾರಿಗೂ ಏನೂ ಆಗಲಿಲ್ಲ. ಏನೂ ಆಗದ್ದರಿಂದ ರಿಪೇರಿಗೆ ಯಾರೂ ಅವಸರ ಮಾಡಲಿಲ್ಲ.

ಇಪ್ಪತ್ತನೆಯ ದಿನ ಅವನು ಕೊಂಬೆ ಹಾಕಿ ಕೈ ಒರೆಸಿಕೊಳ್ಳುವಾಗ ಮೇಸ್ತ್ರಿ ಬಂದ. ದೊಡ್ಡ ಅಧಿಕಾರಿಗಳು ಪೇಟೆಯ ಕಡೆಯ ಇನ್ನೊಂದು ರಸ್ತೆ ನೋಡಲು ಬರುತ್ತಾರೆ, ಮೂರು ದಿನ ಅಲ್ಲಿ ಬದಿಯ ಕಲ್ಲುಗಳಿಗೆ ಸುಣ್ಣ ಹೊಡೆಯಬೇಕು ಎಂದ.

"ಮೋರಿ ಹತ್ರ ಯಾರಿರ್ತಾರೆ ಮೇಸ್ತ್ರಿ?"

"ಕೊಂಬೆ ಇರ್ತದಲ್ಲ. ಅದೇನು ಎದ್ದು ಓಡಿಹೋಗ್ತದಾ?"

"ಓಡಿಹೋಗಲ್ಲ, ಒಣಗ್ತದೆ."

"ಒಣಗಿದ ಕೊಂಬೆ ಕೊಂಬೆ ಅಲ್ವಾ? ನಡಿ ನಡಿ, ಸುಣ್ಣದ ಡಬ್ಬ ಎತ್ತು."

ಮೋರಿಗೆ ಹತ್ತಿರದಲ್ಲೇ, ಪೇಟೆಗೆ ಎದುರು ದಿಕ್ಕಿನಲ್ಲಿ, ಒಬ್ಬ ಸಿಮೆಂಟಿನ ವ್ಯಾಪಾರಿಯ ಅಂಗಡಿ. ಗ್ಯಾಂಗ್‌ಮನ್ ಹೊರಡುವ ಮೊದಲು ಅಲ್ಲಿಗೆ ಹೋಗಿ ಮೋರಿಯ ಸಂಗತಿಯನ್ನೆಲ್ಲ ಹೇಳಿದ.

"ಸಾವ್ಕಾರ್ರೇ, ನಾಳೆ ನಾಡಿದ್ದು ಅಲ್ಲಿ ಒಂದೊಂದು ಹೊಸ ಕೊಂಬೆ ಹಾಕಿಬಿಡಿ."

"ದಿನಾ ಸೊಪ್ಪು ಏರಿಸೋಕೆ ನಾನೇನು ನಿನ್ನ ಮೋರಿಯ ಪೂಜಾರಿಯೇನಯ್ಯಾ?" ಎಂದು ವ್ಯಾಪಾರಿ ನಕ್ಕ. "ಆಗಲಿ ಹೋಗು. ಕೊಂಬೆ ಇರೋ ಹಾಗೆ ನೋಡ್ಕೋತೀನಿ."

ಆ ವ್ಯಾಪಾರಿಯನ್ನು ಕೆಟ್ಟವನೆಂದು ತಿಳಿಯಬೇಡ, ಬಸಲಿಂಗ. ಮರುದಿನ ಪೇಟೆಯಿಂದ ಬರುವಾಗ ಅವನು ಮೋರಿಯ ಬಳಿ ಸ್ಕೂಟರ್ ನಿಲ್ಲಿಸಿದ. ಕೊಂಬೆ ಹಾಕಿದಲ್ಲೇ ಇತ್ತು. ಎಲೆ ಮುದುಡಿತ್ತು. ಆದರೂ ನೋಡಿದ ಕೂಡಲೇ ತನಗೆ ಅಪಾಯ ತಿಳಿಯಿತಲ್ಲ, ಬೇರೆಯವರಿಗೂ ತಿಳಿಯುತ್ತದೆ ಎಂದುಕೊಂಡ. ಅವನಿಗೆ ತಿಳಿದದ್ದು ಕೊಂಬೆಯಿಂದಲ್ಲ, ಮೊದಲೇ ಗೊತ್ತಿದ್ದರಿಂದ. ಅದು ಹೊಳೆಯಲಿಲ್ಲ. ಬಲಕ್ಕೆ ಸರಿದು ಹೊರಟುಹೋದ.

ಮೂರನೆಯ ದಿನ ಅವನು ಪೇಟೆಗೆ ಹೋಗಲಿಲ್ಲ. ಅವನ ಲಾರಿ ಹೋಯಿತು. ಹೊರಡುವ ಮೊದಲು ಚಾಲಕ ಅಂಗಡಿಯ ಮುಂದೆ ನಿಂತು ಚಹಾ ಕುಡಿದ. ಟಾರ್ಪಾಲು ಹರಿದಿದೆ ಎಂದು ಇಬ್ಬರೂ ಮಾತಾಡಿದರು. ಮೋರಿಯ ಮಾತು ಬರಲಿಲ್ಲ. ಅಲ್ಲಿ ಕೊಂಬೆ ಇತ್ತಲ್ಲ.

ಅತ್ತ ಗ್ಯಾಂಗ್‌ಮನ್ ಸುಣ್ಣ ಹೊಡೆಯುತ್ತ ಮತ್ತೆ ಮತ್ತೆ ಬಿಸಿಲು ನೋಡುತ್ತಿದ್ದ. ಮೊದಲ ದಿನ ಮೋಡವಿತ್ತು. ಎರಡನೆಯ ದಿನ ಮೋಡ ಹರಿಯಿತು. ಮೂರನೆಯ ದಿನ ಹೊಡೆದ ಸುಣ್ಣ ಕೈ ತೆಗೆಯುವಷ್ಟರಲ್ಲಿ ಒಣಗುತ್ತಿತ್ತು. ಸಾವ್ಕಾರರು ಹಾಕಿರುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡ. ಊಟಕ್ಕೆ ಕುಳಿತವನು ಮತ್ತೆ ಬಿಸಿಲು ನೋಡಿದ. ಬುತ್ತಿ ಮುಚ್ಚಿಟ್ಟು, ಮೇಸ್ತ್ರಿಗೆ ಹೇಳದೆ ಸೈಕಲ್ ಹತ್ತಿದ. ದಾರಿಯಲ್ಲಿ ಒಂದು ಹೊಂಗೆ ಕೊಂಬೆ ಕಡಿದು ಕ್ಯಾರಿಯರಿಗೆ ಕಟ್ಟಿಕೊಂಡ.

ಮೋರಿಗೆ ಇನ್ನು ಎರಡು ಕಿಲೋಮೀಟರು ಇರುವಾಗ ಹಿಂದಿನಿಂದ ಹಾರ್ನು ಕೇಳಿಸಿತು. ವ್ಯಾಪಾರಿಯ ಲಾರಿ. ಸಿಮೆಂಟು ತುಂಬಿಕೊಂಡು ಬರುತ್ತಿತ್ತು. ಗ್ಯಾಂಗ್‌ಮನ್ ಕೈ ಎತ್ತಿ ಬೀಸಿದ, ಕೂಗಿದ. ಚಾಲಕ ಪರಿಚಯದವನು. ಆಡಿಗೆ ಸೊಪ್ಪು ಒಯ್ಯುತ್ತಿದ್ದಾನೆ, ನಮಸ್ಕಾರ ಹೇಳುತ್ತಿದ್ದಾನೆ ಎಂದುಕೊಂಡು ಅವನೂ ಕೈ ಬೀಸಿ ಮುಂದೆ ಹೋದ.

ಗ್ಯಾಂಗ್‌ಮನ್ ಪೆಡಲಿನ ಮೇಲೆ ಎದ್ದು ನಿಂತು ತುಳಿದ. ಒಂದು ತಿರುವು ದಾಟಿದ. ಇನ್ನೊಂದು ದಾಟಿದ. ಲಾರಿ ಕಾಣಲಿಲ್ಲ. ಆಮೇಲೆ ಕಂಡಿತು. ಮುಂದಿನ ಎಡಚಕ್ರ ಮೋರಿಯೊಳಗಿತ್ತು. ಸಿಮೆಂಟಿನ ಚೀಲಗಳು ಹಿಂದಿನಿಂದ ಜಾರಿ ಕ್ಯಾಬಿನ್ನಿನ ಮೇಲೆ ಬಿದ್ದಿದ್ದವು.

ಚಾಲಕನಿಗೆ ಇನ್ನೂ ಮಾತಿತ್ತು. ಮೂರು ವಾರ ಹಸಿರು ಕಂಡಾಗಲೆಲ್ಲ ತಪ್ಪದೆ ಬಲಕ್ಕೆ ಸರಿದವನೇ ಅವನು.

"ಒಣಗಿತ್ತಲ್ಲೋ," ಎಂದ. "ಕೆಲಸ ಮುಗಿಸಿದೀರಿ ಅಂದ್ಕೊಂಡೆ."

ಸಂಜೆಯ ಹೊತ್ತಿಗೆ ಅವನು ತೀರಿಕೊಂಡ.

ಮರುದಿನ ವಿಚಾರಣೆಗೆ ಬಂದರು. ಅಲ್ಲಿ ಕೊಂಬೆ ಇತ್ತು ಎಂದು ಮೇಸ್ತ್ರಿ ಹೇಳಿದ. ನಾನೇ ಕಣ್ಣಾರೆ ನೋಡಿದ್ದೇನೆ, ಇತ್ತು ಎಂದು ವ್ಯಾಪಾರಿ ಹೇಳಿದ. ಬಂದವರು ಹೋಗಿ ನೋಡಿದರು. ಚಕ್ರದ ಕೆಳಗೆ ಅದು ಇತ್ತು. ಯಾರೂ ಸುಳ್ಳು ಹೇಳಿರಲಿಲ್ಲ.

ಗುರು ಅಲ್ಲಿಗೆ ನಿಲ್ಲಿಸಿದರು.

"ಹಾಗಾದರೆ ವ್ಯಾಪಾರಿಯದೇ ತಪ್ಪು. ಚಹಾ ಕುಡಿಯುವಾಗ ಒಂದು ಮಾತು ಹೇಳಬಹುದಿತ್ತು," ಎಂದ ಬಸಲಿಂಗ.

ಗುರು ಅವನ ಮುಖ ನೋಡಿ ಕೇಳಿದರು: "ನಿಮ್ಮ ಭಾವನಿಗೆ ನೀನು ಹೇಳಿ ಎಷ್ಟು ದಿನವಾಯಿತು?"