ರೆಪ್ಪೆಯ ಮೇಲೆ ಜೇನು

ಹೊಳೆದಂಡೆಯ ಮಠವೊಂದರಲ್ಲಿ ಮರುಳಯ್ಯಜ್ಜ ಎಂಬ ಗುರು ಇದ್ದರು. ಅವರ ಬಳಿ ಶಂಭುಲಿಂಗ ಎಂಬ ಶಿಷ್ಯನಿದ್ದ. ದೇವರು ಅವನಿಗೆ ಕೈಗಳನ್ನು ಮೊದಲು ಕೊಟ್ಟು, ಬುದ್ಧಿಯನ್ನು ಹಿಂದಿನಿಂದ ಕಳಿಸಿದ್ದ. ಅದಿನ್ನೂ ದಾರಿಯಲ್ಲಿತ್ತು.

ನಾಯಿ ಬೊಗಳುವ ಮೊದಲೇ ಇವನ ಕಲ್ಲು ಹಾರುತ್ತಿತ್ತು. ಕುದಿಯುವ ಪಾತ್ರೆಯ ಮುಚ್ಚಳವನ್ನು ಬರಿಗೈಯಲ್ಲಿ ಎತ್ತುತ್ತಿದ್ದ. ಬೊಬ್ಬೆ ಎದ್ದ ಮೇಲೆ, ಅದು ಬಿಸಿ ಇತ್ತು ಎಂದು ಎಲ್ಲರಿಗೂ ತಿಳಿಸುತ್ತಿದ್ದ.

ಈ ಕೈಯನ್ನು ತಡೆಯುವುದು ಹೇಗೆ ಎಂದು ಅಜ್ಜನನ್ನು ಕೇಳುತ್ತಲೇ ಇದ್ದ. ಅಜ್ಜ ಉತ್ತರ ಕೊಡುತ್ತಿರಲಿಲ್ಲ. ಗುಡಿಸು ಎಂದು ಕಸಬರಿಗೆ ಕೊಡುತ್ತಿದ್ದರು.

ಒಂದು ಬೆಳಿಗ್ಗೆ ಊರಿನ ನೀಲವ್ವ ದಾಸೋಹಕ್ಕೆ ಜೋಳದ ಹಿಟ್ಟು ತಂದಳು. ಅಡುಗೆಗೆ ನೀರೂ ತಂದುಕೊಡುತ್ತೇನೆಂದು ಕೊಡ ಎತ್ತಿಕೊಂಡಳು. ನಿದ್ದೆ ಹೋಗಿದ್ದ ತನ್ನ ಕೂಸನ್ನು ಅರಳಿಕಟ್ಟೆಯ ಮೇಲೆ ಕೂತಿದ್ದ ಶಂಭುಲಿಂಗನ ತೊಡೆಯ ಮೇಲಿಟ್ಟು, ಸುಮ್ಮನೆ ಕೂತಿರು, ಅಷ್ಟು ಮಾಡಿದರೆ ಸಾಕು ಎಂದು ಹೇಳಿ ಹೊಳೆಗೆ ಇಳಿದಳು.

ಸುಮ್ಮನೆ ಕೂರುವುದೊಂದೇ ಅವನಿಗೆ ಬಾರದ ಕೆಲಸ.

ಕೂಸಿನ ಮುಖಕ್ಕೆ ನೊಣ ಮುತ್ತಿದವು. ಪಕ್ಕದಲ್ಲೇ ಪೂಜೆಯ ಧೂಪದ ಬಟ್ಟಲಿತ್ತು. ಅದನ್ನು ಎಳೆದುಕೊಂಡು ಕೆಂಡದ ಮೇಲೆ ಹಿಡಿ ಲೋಬಾನ ಸುರಿದ. ಹೊಗೆ ದಪ್ಪಗೆ ಎದ್ದು ನೇರ ಮೇಲಕ್ಕೆ ಹೋಯಿತು.

ಮೇಲಿನ ಕೊಂಬೆಯಲ್ಲಿ ಹೆಜ್ಜೇನು ಕಟ್ಟಿತ್ತು. ಆ ಮರದ ಕೆಳಗೆ ಊರಿನವರು ಬೀಡಿಯನ್ನೂ ಹಚ್ಚುತ್ತಿರಲಿಲ್ಲ. ಅದು ಶಂಭುಲಿಂಗನಿಗೂ ಗೊತ್ತಿತ್ತು. ಅವನ ಕೈಗೆ ಗೊತ್ತಿರಲಿಲ್ಲ.

ಗುಂಯ್ ಎಂಬ ಸದ್ದು ಕೇಳಿತು. ನೆರಳು ಕದಡಿತು.

"ಏಳಬ್ಯಾಡ," ಎಂದರು ಅದೇ ಕಟ್ಟೆಯ ಮೇಲೆ ಎದುರಿಗೆ ಕೂತಿದ್ದ ಅಜ್ಜ. ಕಾಲಿನಿಂದ ಮೆಲ್ಲಗೆ ಮರದ ಬುಡದ ಮಣ್ಣನ್ನು ಬಟ್ಟಲಿಗೆ ಸರಿಸಿ ಕೆಂಡ ಮುಚ್ಚಿದರು.

ಓಡಿದರೆ ಹುಳಗಳು ಬೆನ್ನು ಹತ್ತುತ್ತವೆ. ಒಂದನ್ನು ಹೊಡೆದರೆ ಅದರ ವಾಸನೆಗೆ ಇಡೀ ಹುಟ್ಟು ಮೈಮೇಲೆ ಬೀಳುತ್ತದೆ. ಹಿಂದಿನ ವರ್ಷ ಬಾಲ ಬೀಸಿದ ಹೋರಿಯೊಂದು ಇದೇ ಕಟ್ಟೆಯ ಬುಡದಲ್ಲಿ ಸತ್ತಿತ್ತು. ಹೋರಿಯ ಚರ್ಮವೇ ತಡೆಯಲಿಲ್ಲ. ಇದು ಹಸುಗೂಸು.

ಹುಳಗಳು ಅವನ ಭುಜಕ್ಕೆ ಇಳಿದವು, ಕುತ್ತಿಗೆಗೆ ಬಂದವು. ಅವನು ಹಲ್ಲು ಕಚ್ಚಿದ. ಅಷ್ಟರಲ್ಲಿ ಒಂದು ಹುಳ ಕೂಸಿನ ಕೆನ್ನೆಯ ಮೇಲೆ ಕೂತಿತು. ಹಾಲು ಒಣಗಿದ ತುಟಿಯಂಚನ್ನು ಮೂಸಿತು. ಮೂಗು ಹತ್ತಿತು. ಮುಚ್ಚಿದ ರೆಪ್ಪೆಯ ಮೇಲೆ ಹೋಗಿ ನಿಂತಿತು.

ಅವನ ಬಲಗೈ ಮೊಣಕಾಲಿನಿಂದ ಮೇಲೆದ್ದಿತು.

ಎತ್ತಬೇಡ, ಎತ್ತಬೇಡ ಎಂದು ತನಗೆ ತಾನೇ ಹೇಳಿಕೊಂಡ. ಹೇಳಿದಷ್ಟೂ ಕೈ ಇನ್ನೂ ಮೇಲೆ ಬಂತು.

"ಅಜ್ಜಾರ, ಕೈ ನನ್ನ ಮಾತು ಕೇಳವಲ್ದರಿ."

"ಕೈಗೆ ಏನೂ ಹೇಳಬ್ಯಾಡ. ಕೂಸಿನ ನೆತ್ತಿ ನೋಡು. ಮಿಡಿತೈತೇನು?"

ಅವನು ರೆಪ್ಪೆಯಿಂದ ಕಣ್ಣು ಕೀಳಲಾರದೆ ಕಿತ್ತ. ತೆಳುಗೂದಲಿನ ನಡುವೆ ಮೆತ್ತಗಿನ ಜಾಗವೊಂದು ಏಳುತ್ತ ಇಳಿಯುತ್ತ ಇತ್ತು.

"ಮಿಡಿಯಾಕತ್ತೈತ್ರಿ."

"ನಿನ್ನ ಎದಿಗಿಂತ ಜೋರೋ, ಮೆಲ್ಲಗೋ?"

ಅದನ್ನು ಹೇಳಬೇಕಾದರೆ ಎರಡನ್ನೂ ಕೇಳಬೇಕಿತ್ತು. ಅವನು ಕೇಳುತ್ತ ಕೂತ. ಕೂಸು ಕಾಲು ಝಾಡಿಸಿತು. ಅವನು ನೆತ್ತಿಯನ್ನೇ ನೋಡಿದ.

ನೀಲವ್ವ ಮೆಟ್ಟಿಲು ಹತ್ತಿ ಬಂದಳು. ನೋಡಿದಳು. ಬಾಯಿ ತೆರೆದಳು.

"ಅಲ್ಲೇ ನಿಂದ್ರವ್ವಾ," ಎಂದರು ಅಜ್ಜ. ದನಿ ಏರಲಿಲ್ಲ.

ಅವಳು ನಿಂತಳು. ಸೆರಗು ಬಾಯಿಗೆ ತುರುಕಿಕೊಂಡಳು. ಸೊಂಟದ ಕೊಡ ವಾಲಿ ನೀರು ಅವಳ ಕಾಲ ಮೇಲೇ ಸುರಿಯುತ್ತಿತ್ತು. ಅವಳಿಗೆ ಅದರ ಪರಿವೆ ಇರಲಿಲ್ಲ.

ಕೂಸು ಆಕಳಿಸಿತು. ರೆಪ್ಪೆ ಅದುರಿತು. ಹುಳ ಹಾರಿತು.

ಆಮೇಲೆ ಒಂದೊಂದಾಗಿ, ಅವಸರವೇ ಇಲ್ಲದ ಹಾಗೆ, ಉಳಿದವೂ ಕೊಂಬೆಗೆ ಮರಳಿದವು. ನೀಲವ್ವ ಬಂದು ಕೂಸನ್ನು ಕಸಿದುಕೊಂಡಳು. ಅದರ ಮೈಯೆಲ್ಲ ತಡವಿ ನೋಡಿದ ಮೇಲೆ ಅವಳಿಗೆ ಮಾತು ಬಂತು. ನೊಣ ಓಡಿಸಲು ಜೇನು ಕರೆಯುವ ಪುಣ್ಯಾತ್ಮನ ಕೈಗೆ ಇನ್ನು ತನ್ನ ಎಮ್ಮೆಯ ಕರುವನ್ನೂ ಕೊಡುವುದಿಲ್ಲ ಎಂದಳು. ದಾರಿಯುದ್ದಕ್ಕೂ ಅನ್ನುತ್ತಲೇ ಹೋದಳು.

ಶಂಭುಲಿಂಗ ತನ್ನ ಬಲಗೈ ನೋಡಿಕೊಂಡ. ಅದು ಮೊಣಕಾಲ ಮೇಲೆ ಬಿದ್ದಿತ್ತು. ಯಾವಾಗ ಇಳಿಯಿತೋ ಅವನಿಗೆ ತಿಳಿದಿರಲಿಲ್ಲ.

"ಅಜ್ಜಾರ, ನಾ ಹಿಡದಾಗ ನಿಲ್ಲಲಿಲ್ಲ. ಮರತಾಗ ನಿಂತಿತು. ನನ್ನ ಕೈ ಹಿಡದವರು ಯಾರ್ರಿ?"

ಅಜ್ಜ ಪಕ್ಕಕ್ಕೆ ವಾಲಿ, ತೊಡೆಯ ಕೆಳಗಿನಿಂದ ತಮ್ಮ ಬಲಗೈಯನ್ನು ಹೊರಗೆಳೆದರು. ಅಂಗೈ ತುಂಬ ಕಟ್ಟೆಯ ಹರಳು ನೆಟ್ಟು ರಕ್ತ ಜಿನುಗಿತ್ತು.

"ನಿನ್ನ ಕೈ ಸುದ್ದಿ ನನಗೇನು ಗೊತ್ತಪಾ? ನಾ ನನ್ನ ಕೈಮ್ಯಾಲ ಕುಂತಿದ್ದೆ."