ಸೊಲೊಮೋನ ವ್ಯಾಖ್ಯಾನ ಆರಿಸಿದ್ದು

ಹೂಂ ಅನ್ನುವವರಿದ್ದರೆ ಹೇಳುತ್ತೇನೆ, ಇಲ್ಲದಿದ್ದರೆ ಇದು ನನ್ನ ಹೊಟ್ಟೆಯಲ್ಲೇ ಇರಲಿ. ನಗುನಗುತ್ತ ಶುರುವಾದರೂ ನಗುತ್ತ ಮುಗಿಯುವ ಕತೆಯಲ್ಲ ಇದು.

ಗದಗ ಸೀಮೆಯ ಒಂದೂರು. ಅಲ್ಲಿ ಕ್ರೈಸ್ತರ ಓಣಿ. ಆ ಓಣಿಯಲ್ಲಿ ಸುವಾರ್ತವ್ವ ಎಂಬ ವಿಧವೆ, ಅವಳಿಗೊಬ್ಬನೇ ಮಗ ಸೊಲೊಮೋನ. ಅವರ ವೇದದಲ್ಲಿ, ಅಂದರೆ ಬೈಬಲ್ಲಿನಲ್ಲಿ, ಆ ಹೆಸರಿನ ಅರಸನಿಗಿಂತ ಜಾಣ ಇಲ್ಲವಂತೆ. ಓಣಿಯಲ್ಲಿ ಈ ಹೆಸರಿನವನಿಗಿಂತ ಪೆದ್ದ ಇರಲಿಲ್ಲ. ಬಾಗಿಲು ನೋಡಿಕೋ ಎಂದರೆ ಸಂಜೆತನಕ ಬಾಗಿಲನ್ನೇ ನೋಡುತ್ತ ಕೂರುವವನು! ಕೆಟ್ಟವನಲ್ಲ ಪಾಪ. ಅವ್ವ ಅಳಬಾರದು, ಅಷ್ಟೇ ಅವನ ಆಸೆ. ಅದಕ್ಕೇ ಅವಳ ಮಾತನ್ನು ಚಾಚೂ ತಪ್ಪದೆ ನಡೆಸುತ್ತಿದ್ದ.

ಅವನ ಅಪ್ಪ ದಾವೀದಪ್ಪ ಸಭೆಯ ಉಪದೇಶಿಯಾಗಿದ್ದ. ಮನೆಮನೆಗೆ ಹೋಗಿ ಪ್ರಾರ್ಥನೆ ನಡೆಸಿ, ವೇದದ ಮಾತು ಬಿಡಿಸಿ ಹೇಳುವ ಕೆಲಸ. ಅವನು ಬಿಟ್ಟುಹೋದದ್ದು ಒಂದು ಪೆಟ್ಟಿಗೆ ತುಂಬ ವ್ಯಾಖ್ಯಾನದ ಪುಸ್ತಕ. ಯಾವ ವಚನಕ್ಕೆ ಏನರ್ಥ ಎಂದು ಪಂಡಿತರು ಬರೆದಿಟ್ಟವು. ಸುವಾರ್ತವ್ವನಿಗೆ ಎದೆಯ ರೋಗ. ಕೆಮ್ಮಿ ಕೆಮ್ಮಿ ಸಣ್ಣಗಾಗಿದ್ದಳು.

"ಯಪ್ಪಾ ಸೊಲೊಮೋನ, ನನ್ನ ದಿನಾ ಮುಗಿಯಾಕ ಬಂದಾವ. ನಿಮ್ಮಪ್ಪನಂಗ ನೀ ಒಮ್ಮೆ, 'ದೇವರು ನನ್ನ ಕುರುಬ' ಅಂತ ಐತೆಲ್ಲ, ಆ ಕುರುಬನ ಕೀರ್ತನಿ ಬಿಡಿಸಿ ಹೇಳು. ಅದನ್ನ ಕೇಳಿ ಕಣ್ಣು ಮುಚ್ಚತೀನಿ. ಮದಲ ನಾಕು ಮನ್ಯಾಗ ಹೇಳಿ ಕಲಿ. ಪೆಟಗಿ ತಗದು ಒಂದು ವ್ಯಾಖ್ಯಾನ ಆರಿಸ್ಕೋ."

"ಯಾವುದವ್ವಾ?"

"ದಪ್ಪಂದು ಆರಿಸು! ಒಂದಕ್ಷರಾನೂ ಬಿಡಬ್ಯಾಡ!"

ದಪ್ಪದ್ದನ್ನೇ ಆರಿಸಿದ. ನೇಕಾರ ಎಲೀಷನ ಮನೆಯ ಪ್ರಾರ್ಥನೆಗೆ ಹೋದ. ಒಂದಕ್ಷರವನ್ನೂ ಬಿಡಲಿಲ್ಲ. ಅಚ್ಚು ಹಾಕಿದವರ ವಿಳಾಸ ಓದಿದ, ಬೆಲೆ ಓದಿದ, ತಪ್ಪು ಒಪ್ಪುಗಳ ಪಟ್ಟಿ ಓದಿದ. ವಿಷಯಸೂಚಿ ಮುಗಿಯುವಷ್ಟರಲ್ಲಿ ಚಹಾ ಆರಿತ್ತು, ಮಕ್ಕಳು ನಿದ್ದೆ ಹೋಗಿದ್ದವು, ಎಲೀಷ ಎದ್ದು ಮಗ್ಗಕ್ಕೆ ಹೋಗಿದ್ದ. ವೇದದ ವಚನ ಇನ್ನೂ ಬಂದೇ ಇರಲಿಲ್ಲ.

"ಅಯ್ಯ ನನ್ನ ಹಣೆಬಾರವ!" ಎಂದಳು ಸುವಾರ್ತವ್ವ. "ಪುಸ್ತಕಾ ಮನ್ಯಾಗ ಓದಿ, ಮನ್ಯಾಗ ಇಟ್ಟು ಹೋಗಬೇಕೋ! ಅಲ್ಲಿ ಮುಂದ ಕುಂತವರ ಮುಖಾ ನೋಡಿ ಮಾತಾಡಬೇಕು!"

"ಆತವ್ವಾ, ಮುಖಾ ನೋಡಿ ಮಾತಾಡತೀನಿ."

ಕಾಮಾಲೆಯಾಗಿ ಮಲಗಿದ್ದ ಸಮುವೇಲಪ್ಪನ ಮನೆಗೆ ಹೋದ. ಪುಸ್ತಕ ಒಯ್ಯಲಿಲ್ಲ. ರೋಗಿಯ ಎದುರು ಕೂತು ಮುಖ ನೋಡಿದ, ಚೆನ್ನಾಗಿ ನೋಡಿದ, ನೋಡಿ ಮಾತಾಡಿದ. "ಕಣ್ಣು ಹಳದಿ ಆಗ್ಯಾವ. ಗಲ್ಲಾ ಒಳಗ ಹೋಗ್ಯಾವ. ಹ್ವಾದ ವಾರಕ್ಕಿಂತ ಮೂಗು ಉದ್ದ ಕಾಣತೈತಿ. ಆಮೆನ್!"

ಸಮುವೇಲಪ್ಪನ ಹೆಂಡತಿ ಕಸಬರಿಗೆ ತಗೊಂಡು ಬಾಗಿಲತನಕ ಬಂದಳು.

"ಅಲ್ಲೋ ಮೂಢಾ!" ಸುವಾರ್ತವ್ವ ಬೈದಳು, ಬೈಯುತ್ತ ಕೆಮ್ಮಿದಳು. "ದುಃಖದ ಮನಿಗೆ ಸಮಾಧಾನದ ವ್ಯಾಖ್ಯಾನ ಆರಿಸಬೇಕೋ! ಪುನರುತ್ಥಾನದ್ದು ಒಂದೈತಿ, ಅದನ್ನ ಓದಿಕೊಂಡು ಹೋಗು. ಅಳೋರನ್ನ ಕಂಡ್ರ, 'ಅಳಬ್ಯಾಡ್ರಿ, ತೀರಿಕೊಂಡವರು ಎದ್ದು ಬರತಾರ' ಅನ್ನಬೇಕು!"

"ಆತವ್ವಾ, ಹಂಗ ಅಂತೀನಿ."

ಹೆಂಡತಿ ಸತ್ತ ಯೋಹಾನಪ್ಪನಿಗೆ ಎರಡನೆಯ ಮದುವೆಯ ನಿಶ್ಚಯ. ಪ್ರಾರ್ಥನೆಗೆ ಸೊಲೊಮೋನನನ್ನು ಕರೆದರು, ಕರೆದವರ ಗ್ರಹಚಾರ! ತವರು ಬಿಡುವ ಸಂಕಟಕ್ಕೆ ಹುಡುಗಿ ಮುಸುಮುಸು ಅಳುತ್ತಿದ್ದಳು. ಅಳುವವರನ್ನು ಕಂಡನಲ್ಲ, ಸೊಲೊಮೋನ ಎದ್ದು ನಿಂತ.

"ಅಳಬ್ಯಾಡ ತಂಗೀ! ಯೋಹಾನಪ್ಪನ ಮದಲನೇಕಿ ಎದ್ದು ಬರತಾಳ! ಖರೇನ ಬರತಾಳ!"

ಹುಡುಗಿ ಅಳು ನಿಲ್ಲಿಸಿದಳು. ಆಗಷ್ಟೇ ತೊಡಿಸಿದ್ದ ಉಂಗುರ ಕಳಚಿ ತಟ್ಟೆಯಲ್ಲಿಟ್ಟಳು. ಎದ್ದು ಒಳಗೆ ಹೋದವಳು ಹೊರಗೆ ಬರಲಿಲ್ಲ.

ಈ ಸಲ ಬೈಯಲು ಸುವಾರ್ತವ್ವನಲ್ಲಿ ಉಸಿರಿರಲಿಲ್ಲ. ಗೋಡೆಯ ಕಡೆ ಹೊರಳಿ ಅತ್ತಳು. ಅದನ್ನು ನೋಡಿ ಸೊಲೊಮೋನ ಅವಳ ಕಾಲ ಬಳಿ ಕೂತ. ಬೈಯಲು ಸಭೆಯ ಪಾದ್ರಿ ಅಯ್ಯನವರೇ ಮನೆಗೆ ಬಂದರು.

"ಏನೋ ಸೊಲೊಮೋನಾ, ಒಂದ ಪುಸ್ತಕ ಹಿಡಕೊಂಡು ಸಭಾನ ಹಾಳ ಮಾಡತೀಯಲ್ಲೋ! ಇದ್ದಬದ್ದ ವ್ಯಾಖ್ಯಾನ ಎಲ್ಲಾ ಹೋಲಿಸಿ ನೋಡು. ಎಲ್ಲಾವೂ ಒಪ್ಪಿದ್ದಷ್ಟ ಹೇಳು. ಒಪ್ಪದಿದ್ರ ಬಾಯಿ ಮುಚಗೊಂಡು ಕುಂದ್ರು!"

"ಆತ್ರೀ ಅಯ್ಯನವರ, ಒಪ್ಪದಿದ್ರ ಬಾಯಿ ಮುಚಗೊಂಡು ಕುಂದರತೀನಿ."

ವಾರ ಕಳೆಯಲಿಲ್ಲ. ಒಂದು ಮಧ್ಯಾಹ್ನ ಸುವಾರ್ತವ್ವ ಮಗನನ್ನು ಹತ್ತಿರ ಕರೆದಳು. ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

"ಈಗ ಹೇಳೋ ಯಪ್ಪಾ, ಕುರುಬನ ಕೀರ್ತನಿ. ಹೊತ್ತಿಲ್ಲ ನನಗ."

ಸೊಲೊಮೋನ ಪೆಟ್ಟಿಗೆಯನ್ನೇ ಬೋರಲು ಹಾಕಿದ. ಒಂದು ತೆಗೆದ, ಇನ್ನೊಂದು ತೆಗೆದ, ಹೋಲಿಸಿದ. ಕುರುಬನ ಕೋಲು ತೋಳವನ್ನು ಹೊಡೆಯಲಿಕ್ಕೆ ಎಂದು ಒಂದು ಹೇಳಿತು. ಅಲ್ಲ, ಕುರಿ ಎಣಿಸಲಿಕ್ಕೆ ಎಂದು ಇನ್ನೊಂದು ಹೇಳಿತು. ಒಪ್ಪಲಿಲ್ಲ. ಬಾಯಿ ಮುಚ್ಚಿಕೊಂಡು ಕೂತ.

"ಹೇಳೋ ನನ್ನ ಕೂಸ!"

"ಇನ್ನೂ ಒಪ್ಪಿಲ್ಲವ್ವಾ!"

"ನಿನಗ ತಿಳಿದಷ್ಟು ಹೇಳೋ. ತಪ್ಪಿದ್ರೂ ಬೈಯಂಗಿಲ್ಲ."

ಅವನಿಗೆ ತಿಳಿದದ್ದೂ ಒಂದಿತ್ತು. ಕುರುಬ ಕುರಿಯನ್ನು ಕತ್ತಲಲ್ಲಿ ಬಿಟ್ಟು ಹೋಗುವುದಿಲ್ಲ ಎಂದು ಅಪ್ಪ ಹೇಳುತ್ತಿದ್ದ. ಮಾತು ನಾಲಿಗೆಯ ತುದಿಗೆ ಬಂತು. ಆದರೆ ಎಲ್ಲ ಪುಸ್ತಕ ನೋಡಿ ಆಗಿರಲಿಲ್ಲವಲ್ಲ! ನುಂಗಿಕೊಂಡ. ಮತ್ತೆ ಹಾಳೆ ತಿರುವಿದ. ಅವಳು ಅವನ ಬಾಯಿಯನ್ನೇ ನೋಡುತ್ತ ಇದ್ದಳು. ಕೊನೆಯ ಪುಸ್ತಕ ಮುಗಿಸಿ ಕುಣಿದಾಡುತ್ತ ಎದ್ದ.

"ಅವ್ವಾ, ಒಪ್ಪಿದ್ವು! ಕುರುಬ ಬಿಟ್ಟು ಹೋಗಂಗಿಲ್ಲ! ಅಷ್ಟೂ ಪುಸ್ತಕ ಒಪ್ಪ್ಯಾವ!"

ಅವ್ವನ ಕಣ್ಣು ಅವನ ಕಡೆಗೇ ಇತ್ತು. ಪಾದ ಮುಟ್ಟಿ ನೋಡಿದ, ತಣ್ಣಗಿತ್ತು. ತಡ ಮಾಡಿದ್ದಕ್ಕೆ ಬೈಯುತ್ತಾಳೆಂದು ಕಾದ. ಬೈಗುಳ ಬರಲಿಲ್ಲ. ಪಕ್ಕದ ಮನೆಯವಳು ಬಂದು ಚೀರುವತನಕ ಕಾದ.

ಮರುದಿನ ಓಣಿ ಸೇರಿತು. ಹಾಡಾಯಿತು, ಪ್ರಾರ್ಥನೆಯಾಯಿತು. ಬಡಿಗ ಶವದ ಪೆಟ್ಟಿಗೆಯ ಮುಚ್ಚಳ ಎತ್ತಿಕೊಂಡು ಮೊಳೆ ಬಾಯಲ್ಲಿ ಹಿಡಿದ. ಸೊಲೊಮೋನ ಓಡಿ ಬಂದು ಅಡ್ಡ ನಿಂತ.

"ಪೂರಾ ಮುಚ್ಚಬ್ಯಾಡೋ ಯಣ್ಣಾ! ತೀರಿಕೊಂಡವರು ಎದ್ದು ಬರತಾರ. ನಾ ಹೋಲಿಸಿ ನೋಡೀನಿ, ಇದಕ್ಕೂ ಎಲ್ಲಾ ಪುಸ್ತಕ ಒಪ್ಪ್ಯಾವ. ಅವ್ವ ಎದ್ದು ನನ್ನ ಬೈಬೇಕು, ಮೊಳಿ ಬಡದ್ರ ಹ್ಯಾಂಗ ಏಳತಾಳ?"

ಅಯ್ಯನವರು ಬಡಿಗನಿಗೆ ತಡಿ ಎಂದು ಕೈಸನ್ನೆ ಮಾಡಿದರು. ಯಾರೂ ನಗಲಿಲ್ಲ. ಸೊಲೊಮೋನ ಕಂಕುಳಲ್ಲಿದ್ದ ಪುಸ್ತಕವನ್ನು ತೆಗೆದು, ಮುಚ್ಚಳ ಕೂರದಂತೆ ಅವ್ವನ ತಲೆಯ ಹತ್ತಿರ ಸಂದಿಗೆ ಇಟ್ಟ. ಬಗ್ಗಿ, ಆ ಸಂದಿಯಲ್ಲಿ ಮೆಲ್ಲಗೆ ಹೇಳಿದ:

"ದಪ್ಪಂದ ಆರಿಸೀನವ್ವಾ."